ಚಳಿಗೆ ಕಂದುವ ಗಿಡಕ್ಕೆ ಪ್ಲಾಸ್ಟಿಕ್ ಸುತ್ತಬೇಕಾ?

ಪ್ರಶ್ನೆ: ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಬಾಕ್ಸ್‌ವುಡ್ (ವರ್ಷವಿಡೀ ಹಸಿರಾಗಿರುವ ಅಲಂಕಾರದ ಪೊದೆ) ಗಿಡದ ಎಲೆ ಕಂದುಬಣ್ಣಕ್ಕೆ ತಿರುಗಿದೆ. ಮುಂದಿನ ಸಲ ಪ್ಲಾಸ್ಟಿಕ್ ಹಾಳೆ ಸುತ್ತಿ ಬೆಚ್ಚಗಿಡಲಾ?

ಉತ್ತರ: ಬೇಡ. ಪ್ರತಿ ಚಳಿಗಾಲಕ್ಕೂ ಇದೇ ಪ್ರಶ್ನೆ ಬರುತ್ತದೆ, ನಾನೂ ಇದನ್ನೇ ಹೇಳುತ್ತೇನೆ.

ಸುತ್ತಿದರೆ ಗಿಡ ಬೆಚ್ಚಗಾಗುತ್ತದೆ ಅನ್ನೋದೇ ತಪ್ಪು ಲೆಕ್ಕ. ಕಂಬಳಿ ಹೊದ್ದರೆ ನಮಗೆ ಬೆಚ್ಚಗಾಗುವುದು ನಮ್ಮ ಮೈಯಲ್ಲೇ ಶಾಖ ಹುಟ್ಟುವುದರಿಂದ. ಪೊದೆಗೆ ಮೈಶಾಖ ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ಕಂತೂ ಎರಡು ಕಡೆಯಿಂದಲೂ ಹೊಡೆತ. ಹಗಲು ಬಿಸಿಲು ಬಿದ್ದರೆ ಒಳಗೆ ಎಲೆ ಬೇಯುತ್ತದೆ, ರಾತ್ರಿ ಮತ್ತೆ ಹೊರಗಿನಷ್ಟೇ ಚಳಿ.

ಅಷ್ಟಕ್ಕೂ ಎಲೆ ಕಂದಿದ್ದು ಬರೀ ಚಳಿಯಿಂದಲ್ಲ. ನಂಬಿಕೆ ಬರದಿದ್ದರೆ ಕಂದಿದ ಎಲೆಯನ್ನೇ ಕಿತ್ತು ನೋಡಿ. ತುದಿ, ಅಂಚು ಒಣಗಿರುತ್ತದೆ, ತೊಟ್ಟಿನ ಹತ್ತಿರ ಇನ್ನೂ ಹಸಿರು. ಗಿಡದಲ್ಲೂ ಅಷ್ಟೇ, ಗಾಳಿ ಬಿಸಿಲಿಗೆ ಮುಖ ಕೊಟ್ಟ ಮಗ್ಗುಲೇ ಜಾಸ್ತಿ ಕಂದಿರುತ್ತದೆ. ಹಿಮದಲ್ಲಿ ಹೂತುಹೋಗಿದ್ದ ಕೆಳಗಿನ ಕೊಂಬೆ ಎಷ್ಟೋ ಸಲ ಚೆನ್ನಾಗೇ ಇರುತ್ತದೆ! ಬರೀ ಚಳಿಯೇ ಕಾರಣವಾಗಿದ್ದರೆ ಒಂದೇ ಮಗ್ಗುಲು ಯಾಕೆ ಕಂದಬೇಕು, ಅಲ್ವಾ?

ಅದು ನೀರಿನ ಬರ. ಎಲೆ ಉದುರಿಸದ ಗಿಡದಿಂದ ಚಳಿಗಾಲದಲ್ಲೂ ನೀರು ಆವಿಯಾಗುತ್ತಲೇ ಇರುತ್ತದೆ. ಮಣ್ಣು ಹೆಪ್ಪುಗಟ್ಟಿದ ಮೇಲೆ ಬೇರಿಗೆ ಆ ನಷ್ಟ ತುಂಬಿಕೊಡಲು ಆಗುವುದಿಲ್ಲ. ಹಾಗಾಗಿ ಮಳೆ ಸಾಲದಿದ್ದರೆ, ನೆಲ ಹೆಪ್ಪುಗಟ್ಟುವವರೆಗೂ ಆಗಾಗ ಬೇರಿಗೆ ಇಳಿಯುವಂತೆ ನೀರು ಕೊಡಿ. ಬುಡಕ್ಕೆ 5ರಿಂದ 8 ಸೆಂ.ಮೀ. ತರಗೆಲೆ ಅಥವಾ ಮರದ ಚಕ್ಕೆ ಹರಡಿ, ಕಾಂಡಕ್ಕೆ ತಾಗಿಸಬೇಡಿ. ಗಾಳಿ ಬೀಸುವ ಕಡೆ ಗೂಟ ನೆಟ್ಟು ಗೋಣಿತಾಟು ಕಟ್ಟಿ. ತಾಟು ಎಲೆಗೆ ಒರಗಬಾರದು, ಮೇಲ್ಭಾಗ ತೆರೆದೇ ಇರಲಿ. ಅದು ಗಾಳಿಗೆ ಅಡ್ಡ ಗೋಡೆ, ಅಷ್ಟೇ.

ಕಂದಿದ ಕೊಂಬೆಯನ್ನು ಈಗಲೇ ಕತ್ತರಿಸಲು ಹೊರಡಬೇಡಿ. ಎಲೆ ಹೋದರೂ ಮೊಗ್ಗು ಬದುಕಿರಬಹುದು. ಉಗುರಿನಿಂದ ತೊಗಟೆ ಗೀರಿ, ಒಳಗೆ ಹಸಿರು ಕಂಡರೆ ವಸಂತದ ಚಿಗುರಿಗೆ ಕಾಯಿರಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರೋಡೋಡೆಂಡ್ರಾನ್ ಅನ್ನೋ ಹೂವಿನ ಪೊದೆಯ ಎಲೆಗಳು ಕೊರೆಯುವ ಚಳಿಯಲ್ಲಿ ಸುರುಳಿ ಸುತ್ತಿಕೊಂಡು ಜೋತುಬೀಳುತ್ತವೆ. ಗಿಡ ಸತ್ತೇಹೋಯಿತು ಅಂತ ಸುಮ್ನೆ ಗಾಬರಿಯಾಗಬೇಡಿ. ಅದು ಚಳಿಗೆ ಆ ಗಿಡದ ಮಾಮೂಲಿ ವರ್ತನೆ, ಬಿಸಿಲೇರಿದಂತೆ ಎಲೆ ಬಿಚ್ಚಿಕೊಳ್ಳುತ್ತದೆ. ಚಳಿ ಬಿಟ್ಟು ಮಣ್ಣು ಕರಗಿದ ಮೇಲೂ ಸುರುಳಿ ಬಿಚ್ಚದಿದ್ದರೆ ಮಾತ್ರ ಬುಡದ ಮಣ್ಣು ಕೆದಕಿ ನೋಡಿ. ಒಣಗಿದ್ದರೆ ಅವತ್ತೇ ನೀರು ಹಾಕಿ.