ಆಂಟಿವೈರಸ್: ಪದದ ಅರ್ಥ, ಕೆಲಸದ ರೀತಿ ಮತ್ತು ಮನೆಯ ಕಂಪ್ಯೂಟರಿಗೆ ಅದರ ಆಯ್ಕೆ

ಕಂಪ್ಯೂಟರಿನಲ್ಲಿ ಒಂದು ಫೈಲನ್ನು ತೆರೆಯುವಾಗ, ನಕಲು ಮಾಡುವಾಗ ಅಥವಾ ಒಂದು ಪ್ರೋಗ್ರಾಂ ಚಾಲೂ ಆಗುವಾಗ ನಡುವೆ ನಿಂತು, ಅದರೊಳಗೆ ಹಾನಿ ಮಾಡುವ ಕೋಡ್ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಅದನ್ನು ತಡೆದು ಬೇರೆಡೆ ಕೂಡಿಹಾಕುವ ತಂತ್ರಾಂಶವೇ ಆಂಟಿವೈರಸ್. ವಾರಕ್ಕೊಮ್ಮೆ ಇಡೀ ಹಾರ್ಡ್ ಡಿಸ್ಕನ್ನು ಜಾಲಾಡುವ ಸ್ಕ್ಯಾನ್ ಅದರ ಕೆಲಸದ ಒಂದು ಸಣ್ಣ ಭಾಗ ಮಾತ್ರ. ಫೈಲ್ ತೆರೆಯುವ ಆ ಕ್ಷಣದಲ್ಲಿ ನಡೆಯುವ ಪರೀಕ್ಷೆಯೇ ಅದರ ಜೀವಾಳ. ಇದನ್ನು ರಿಯಲ್-ಟೈಮ್ ಪ್ರೊಟೆಕ್ಷನ್ ಎನ್ನುತ್ತಾರೆ. ಇದೊಂದು ಅಂಶ ಮನಸ್ಸಿನಲ್ಲಿ ಸ್ಪಷ್ಟವಾದರೆ, ಮನೆಯ ಕಂಪ್ಯೂಟರಿಗೆ ಯಾವುದನ್ನು ಹಾಕಿಸಬೇಕು, ಹಣ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಗಳನ್ನು ಅಂಗಡಿಯವರ ಮಾತಿಗೆ ಬಿಡದೆ ನಾವೇ ಬಗೆಹರಿಸಿಕೊಳ್ಳಬಹುದು.

ಪಿಸಿಗಳಲ್ಲಿ ಮೊದಲು ವ್ಯಾಪಕವಾಗಿ ಹರಡಿದ ವೈರಸ್ ಎಂದು ಹೆಸರಾದ ಬ್ರೇನ್ 1986ರಲ್ಲಿ ಲಾಹೋರಿನ ಇಬ್ಬರು ಸಹೋದರರ ಕಂಪ್ಯೂಟರ್ ಅಂಗಡಿಯಿಂದ ಹೊರಟಿತು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಕಂಪ್ಯೂಟರ್ ಆರಂಭವಾಗುವಾಗ ಮೊದಲು ಓದುವ ಭಾಗದಲ್ಲಿ, ಕುಳಿತು, ಆ ಫ್ಲಾಪಿ ಹೋದಲ್ಲೆಲ್ಲ ತನ್ನ ನಕಲನ್ನು ಬಿಡುವುದಷ್ಟೇ ಅದರ ಕೆಲಸವಾಗಿತ್ತು. ಇಂದು ಮನೆಗಳ ಕಂಪ್ಯೂಟರುಗಳಿಗೆ ನುಗ್ಗುವವುಗಳಲ್ಲಿ ಈ ಬಗೆಯವು ಕಡಿಮೆ. ಉಪಯುಕ್ತ ಪ್ರೋಗ್ರಾಂನಂತೆ ನಟಿಸಿ ಒಳಬರುವ ಟ್ರೋಜನ್, ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಬಿಡುಗಡೆಗೆ ಹಣ ಕೇಳುವ ರ‍್ಯಾನ್ಸಮ್‌ವೇರ್, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಲಾಗಿನ್ ಕುಕಿಗಳನ್ನೂ (ನಾವು ಲಾಗಿನ್ ಆಗಿದ್ದೇವೆಂದು ತಾಣಕ್ಕೆ ನೆನಪಿಸುವ ಗುರುತುಗಳು) ಕದಿಯುವ ಇನ್ಫೋಸ್ಟೀಲರ್ ಮುಂತಾದವುಗಳಿಗೆ ಒಟ್ಟಾಗಿ ಮಾಲ್‌ವೇರ್ ಎಂಬ ಹೆಸರಿದೆ. ಇವೆಲ್ಲವನ್ನೂ ಹಿಡಿಯುವ ಹೊಣೆ ಈಗ ಆಂಟಿವೈರಸ್ಸಿನದೇ. ಇವುಗಳಲ್ಲಿ ಇನ್ಫೋಸ್ಟೀಲರಿನ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಬಂದರೆ ಕಂಪ್ಯೂಟರ್ ನಿಧಾನವಾಗುವುದಿಲ್ಲ, ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ, ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಬೇಕಾದುದನ್ನು ಕಳುಹಿಸಿ ತನ್ನನ್ನು ತಾನೇ ಅಳಿಸಿಕೊಂಡಿರುತ್ತದೆ. "ನಮ್ಮ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ, ಹಾಗಾಗಿ ವೈರಸ್ ಇಲ್ಲ" ಎಂಬ ಹಳೆಯ ಲೆಕ್ಕಾಚಾರಕ್ಕೆ ಈಗ ಆಧಾರವಿಲ್ಲ.

ಅಪಾಯವನ್ನು ಆಂಟಿವೈರಸ್ ಗುರುತಿಸುವ ಬಗೆಗಳು ಹಲವು. ಎಲ್ಲಕ್ಕಿಂತ ಹಳೆಯದು ಸಿಗ್ನೇಚರ್ ವಿಧಾನ: ಈಗಾಗಲೇ ಸಿಕ್ಕಿಬಿದ್ದ ಮಾಲ್‌ವೇರುಗಳ ಕೋಡಿನ ವಿಶಿಷ್ಟ ತುಣುಕುಗಳ ಪಟ್ಟಿಯನ್ನು ಇಟ್ಟುಕೊಂಡು, ಎದುರಿಗೆ ಬಂದ ಫೈಲಿನಲ್ಲಿ ಅಂಥದ್ದು ಇದೆಯೇ ಎಂದು ಹೋಲಿಸಿ ನೋಡುವುದು. ಅಪ್‌ಡೇಟ್ ಮಾಡಿ ಎಂದು ಆಂಟಿವೈರಸ್ ಪದೇಪದೇ ಕೇಳುವುದಕ್ಕೆ ಈ ಪಟ್ಟಿ ದಿನವೂ ಬೆಳೆಯುವುದೇ ಕಾರಣ. ಆದರೆ ಮಾಲ್‌ವೇರ್ ಬರೆಯುವವರು ಪ್ರತಿ ಬಾರಿಯೂ ಕೋಡಿನ ಹೊರರೂಪವನ್ನು ಸ್ವಲ್ಪ ಬದಲಿಸಿ ಕಳುಹಿಸುತ್ತಾರಾದ್ದರಿಂದ ಪಟ್ಟಿಯೊಂದೇ ಸಾಲದು. ಆದ್ದರಿಂದ ಫೈಲಿನ ರಚನೆಯನ್ನು ನೋಡಿ ಅನುಮಾನಿಸುವ ಹ್ಯೂರಿಸ್ಟಿಕ್ ವಿಧಾನ, ಪ್ರೋಗ್ರಾಂ ಚಾಲೂ ಆದ ಮೇಲೆ ಅದು ಏನು ಮಾಡುತ್ತಿದೆ ಎಂಬುದನ್ನು ಗಮನಿಸುವ ನಡವಳಿಕೆಯ ಪರೀಕ್ಷೆ, ಮತ್ತು ಅನುಮಾನ ಬಂದ ಫೈಲಿನ ವಿವರವನ್ನು ಕಂಪನಿಯ ಸರ್ವರಿಗೆ ಕಳುಹಿಸಿ ಕೆಲವೇ ಕ್ಷಣಗಳಲ್ಲಿ ಉತ್ತರ ಪಡೆಯುವ ಕ್ಲೌಡ್ ಪರೀಕ್ಷೆ ಒಂದರ ಮೇಲೊಂದು ಸೇರಿಕೊಂಡವು. ಯಾವುದೋ ಅಪರಿಚಿತ ಪ್ರೋಗ್ರಾಂ ಒಂದು ನಿಮಿಷದೊಳಗೆ ನೂರಾರು ಫೋಟೋಗಳನ್ನು ತೆರೆದು, ತಿದ್ದಿ, ಬೇರೆ ಹೆಸರಿನಲ್ಲಿ ಉಳಿಸಲು ಹೊರಟರೆ, ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೂ ಅದರ ನಡವಳಿಕೆಯೇ ಅದು ರ‍್ಯಾನ್ಸಮ್‌ವೇರ್ ಇರಬಹುದೆಂದು ಹೇಳುತ್ತದೆ.

ನಮ್ಮ ಊರುಗಳಲ್ಲಿ ಬಹಳ ಕಾಣಸಿಗುವ ಒಂದು ಪ್ರಕರಣವನ್ನೇ ಹತ್ತಿರದಿಂದ ನೋಡೋಣ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವನ್ನು ಮನೆಯಲ್ಲಿ ಹಾಕಿದಾಗ ಫೋಲ್ಡರುಗಳೆಲ್ಲ ಇದ್ದ ಹೆಸರಿನಲ್ಲೇ ಕಾಣುತ್ತವೆ, ಆದರೆ ಪ್ರತಿಯೊಂದರ ಚಿತ್ರದ ಕೆಳಗಿನ ಎಡ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು ಮೂಡಿರುತ್ತದೆ. ಅವು ಫೋಲ್ಡರುಗಳಲ್ಲ, ಶಾರ್ಟ್‌ಕಟ್‌ಗಳು. ನಿಜವಾದ ಫೋಲ್ಡರುಗಳಿಗೆ ಹಿಡನ್ ಮತ್ತು ಸಿಸ್ಟಂ ಎಂಬ ಎರಡು ಗುರುತುಗಳನ್ನು ಹಾಕಿ ಅಲ್ಲೇ ಅಡಗಿಸಲಾಗಿರುತ್ತದೆ. ಶಾರ್ಟ್‌ಕಟ್ ಒತ್ತಿದರೆ ಮೊದಲು ಪೆನ್‌ಡ್ರೈವಿನಲ್ಲಿ ಅಡಗಿರುವ ಒಂದು ಸ್ಕ್ರಿಪ್ಟ್ (ಆದೇಶಗಳನ್ನು ಬರೆದಿಟ್ಟ ಪುಟ್ಟ ಫೈಲ್) ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೆರೆದುಕೊಳ್ಳುತ್ತದೆ. ಹೀಗಾಗಿ ಒತ್ತಿದವರಿಗೆ ಏನೂ ಸಂಶಯ ಬರುವುದಿಲ್ಲ. ರಿಯಲ್-ಟೈಮ್ ಪ್ರೊಟೆಕ್ಷನ್ ಚಾಲೂ ಇದ್ದರೆ ಆ ಸ್ಕ್ರಿಪ್ಟನ್ನು ವಿಂಡೋಸ್ ಓದಲು ಹೊರಟ ಕ್ಷಣದಲ್ಲೇ ತಡೆ ಬೀಳುತ್ತದೆ, ಸ್ಕ್ರಿಪ್ಟೂ ಶಾರ್ಟ್‌ಕಟ್‌ಗಳೂ ಕ್ವಾರಂಟೈನಿಗೆ, ಅಂದರೆ ಅಪಾಯಕಾರಿ ಫೈಲುಗಳನ್ನು ಕೂಡಿಹಾಕುವ ಜಾಗಕ್ಕೆ, ಹೋಗುತ್ತವೆ, ಪೆನ್‌ಡ್ರೈವ್ ಖಾಲಿಯಾದಂತೆ ತೋರುತ್ತದೆ. ಆಂಟಿವೈರಸ್ ನಮ್ಮ ಫೈಲುಗಳನ್ನೇ ಅಳಿಸಿಬಿಟ್ಟಿತೆಂದು ಗಾಬರಿಯಾಗಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು, ಏಕೆಂದರೆ ಅಡಗಿಸಿದ ಫೋಲ್ಡರುಗಳು ಅಲ್ಲೇ ಇರುತ್ತವೆ. ಫೈಲ್ ಎಕ್ಸ್‌ಪ್ಲೋರರಿನ ಫೋಲ್ಡರ್ ಆಯ್ಕೆಗಳಲ್ಲಿ ಅಡಗಿದ ಫೈಲುಗಳನ್ನು ತೋರಿಸುವಂತೆ ಹೇಳಿ, ರಕ್ಷಿತ ಸಿಸ್ಟಂ ಫೈಲುಗಳನ್ನು ಮರೆಮಾಡುವ ಗುರುತನ್ನೂ ತೆಗೆದರೆ ಅವು ಕಾಣಿಸಿಕೊಳ್ಳುತ್ತವೆ.

ತಪ್ಪೇ ಮಾಡದ ಆಂಟಿವೈರಸ್ ಎಂಬುದು ಇರಲು ಸಾಧ್ಯವಿಲ್ಲ. ಎಲ್ಲ ವೈರಸ್ಸುಗಳನ್ನೂ ಖಚಿತವಾಗಿ ಗುರುತಿಸುವ, ನಿರಪಾಯಕಾರಿಯಾದ ಒಂದನ್ನೂ ತಪ್ಪಾಗಿ ಹಿಡಿಯದ ಒಂದು ಪ್ರೋಗ್ರಾಂ ತಾತ್ವಿಕವಾಗಿಯೇ ಅಸಾಧ್ಯವೆಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲಿಯೇ ತೋರಿಸಿದರು. ಆದ್ದರಿಂದ ಶೇಕಡಾ ನೂರು ರಕ್ಷಣೆ ಎಂಬ ಜಾಹೀರಾತಿನ ಮಾತನ್ನು ನಂಬಬೇಕಾಗಿಲ್ಲ. ಹಾನಿ ಮಾಡದ ಫೈಲನ್ನು ಅಪಾಯಕಾರಿ ಎಂದು ತಪ್ಪಾಗಿ ಹಿಡಿಯುವುದಕ್ಕೆ ಫಾಲ್ಸ್ ಪಾಸಿಟಿವ್ ಎನ್ನುತ್ತಾರೆ, ಮತ್ತು ಅದು ಸಣ್ಣ ವಿಷಯವಲ್ಲ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿ ಎಂಬ ಆಂಟಿವೈರಸ್ಸಿನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಸಿಸ್ಟಂ ಫೈಲೊಂದನ್ನೇ ವೈರಸ್ ಎಂದು ತೀರ್ಮಾನಿಸಿದ್ದರಿಂದ ಹಲವು ದೇಶಗಳಲ್ಲಿ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದನ್ನು ತಿಳಿದಿರುವುದು ಒಳ್ಳೆಯದು: ಒತ್ತಿದ ಕೀಲಿಗಳನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರಗಳಾಗಿ ಬದಲಿಸುವ ತಂತ್ರಾಂಶದ ನಡವಳಿಕೆ, ಕೀಲಿಗಳನ್ನು ಕದಿಯುವ ಕೀಲಾಗರಿನ ನಡವಳಿಕೆಯನ್ನೇ ಹೋಲುತ್ತದೆ. ಅಂಥ ತಂತ್ರಾಂಶದ ಮೇಲೆ ಎಚ್ಚರಿಕೆ ಬಂದರೆ, ಅದನ್ನು ಅಧಿಕೃತ ತಾಣದಿಂದ ಇಳಿಸಿಕೊಂಡದ್ದೇ ಎಂದು ಖಚಿತಪಡಿಸಿಕೊಂಡ ನಂತರ ಆ ಒಂದು ಪ್ರೋಗ್ರಾಂಗೆ ಮಾತ್ರ ವಿನಾಯಿತಿ ಕೊಡಬೇಕೇ ಹೊರತು ಇಡೀ ರಕ್ಷಣೆಯನ್ನೇ ಆಫ್ ಮಾಡಬಾರದು.

ಈಗ ಆಯ್ಕೆಯ ವಿಷಯ. ವಿಂಡೋಸ್ 8ರಿಂದೀಚೆಗೆ, ಅಂದರೆ 2012ರಿಂದ, ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸಿನೊಳಗೇ ಬರುತ್ತಿದೆ. ಇಂದು ಅದರ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. ಆರಂಭದ ವರ್ಷಗಳಲ್ಲಿ ಅದರ ಸಾಮರ್ಥ್ಯದ ಬಗ್ಗೆ ದೂರುಗಳಿದ್ದದ್ದು ನಿಜ. ಆದರೆ ಈಚಿನ ವರ್ಷಗಳಲ್ಲಿ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಗಳಲ್ಲಿ ಹಣ ಕೊಟ್ಟು ಕೊಳ್ಳುವ ಉತ್ಪನ್ನಗಳಿಗೆ ಸರಿಸಮನಾಗಿ ನಿಂತಿದೆ. ಬ್ರೌಸಿಂಗ್, ಮಕ್ಕಳ ಓದು, ಬ್ಯಾಂಕಿನ ವ್ಯವಹಾರ, ಫೋಟೋಗಳ ಸಂಗ್ರಹ ಇಷ್ಟಕ್ಕೆ ಕಂಪ್ಯೂಟರ್ ಬಳಸುವ, ನಿರಂತರ ಇಂಟರ್ನೆಟ್ ಇರುವ ಮನೆಗೆ ಡಿಫೆಂಡರ್ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಿಂಡೋಸ್ ಸೆಕ್ಯುರಿಟಿ ತೆರೆದು ರಿಯಲ್-ಟೈಮ್ ಪ್ರೊಟೆಕ್ಷನ್, ಕ್ಲೌಡ್ ಪ್ರೊಟೆಕ್ಷನ್ ಮತ್ತು ಟ್ಯಾಂಪರ್ ಪ್ರೊಟೆಕ್ಷನ್ (ಈ ಸೆಟ್ಟಿಂಗುಗಳನ್ನು ಬೇರೆ ಪ್ರೋಗ್ರಾಂಗಳು ಬದಲಿಸದಂತೆ ಕಾಯುವುದು) ಮೂರೂ ಆನ್ ಇವೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿಯೇ ರ‍್ಯಾನ್ಸಮ್‌ವೇರ್ ರಕ್ಷಣೆಯ ಅಡಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಸೌಲಭ್ಯವಿದೆ, ಸಾಮಾನ್ಯವಾಗಿ ಅದು ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಫೋಲ್ಡರುಗಳನ್ನು ಅಪರಿಚಿತ ಪ್ರೋಗ್ರಾಂಗಳು ತಿದ್ದಲಾರವು. ಆರಂಭದಲ್ಲಿ ಒಂದೆರಡು ಒಳ್ಳೆಯ ಪ್ರೋಗ್ರಾಂಗಳಿಗೂ ಅನುಮತಿ ಕೊಡಬೇಕಾಗಿ ಬರಬಹುದು, ಅಷ್ಟು ತೊಂದರೆ ಸಹಿಸಲು ಯೋಗ್ಯವಾದದ್ದು.

ಹಣ ಕೊಟ್ಟು ಕೊಳ್ಳುವುದಕ್ಕೆ ಸಕಾರಣಗಳೂ ಇವೆ. ಡಿಫೆಂಡರಿನ ಬಲದಲ್ಲಿ ದೊಡ್ಡ ಪಾಲು ಕ್ಲೌಡ್ ಪರೀಕ್ಷೆಯದು. ಇಂಟರ್ನೆಟ್ ಇಲ್ಲದಾಗ ಅದರ ಹಿಡಿಯುವ ಶಕ್ತಿ ಕೆಲವು ಪ್ರತಿಸ್ಪರ್ಧಿಗಳಿಗಿಂತ ಕಡಿಮೆ. ನೆಟ್‌ವರ್ಕ್ ಆಗಾಗ ಕೈಕೊಡುವ, ಆದರೆ ಪೆನ್‌ಡ್ರೈವುಗಳ ಓಡಾಟ ಹೆಚ್ಚಿರುವ ಮನೆಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ತೊಂದರೆಯಾದಾಗ ಫೋನಿನಲ್ಲಿ ನಮ್ಮ ಭಾಷೆಯಲ್ಲಿ ಮಾತನಾಡಿ ಸರಿಪಡಿಸುವವರು ಬೇಕೆನ್ನುವ ಹಿರಿಯರಿಗೂ ಹಣ ಕೊಡುವ ಉತ್ಪನ್ನ ಒಪ್ಪೀತು, ಆದರೆ ಆ ಸೇವೆ ನಿಜವಾಗಿ ದೊರೆಯುತ್ತದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ ತಿಳಿಯಬೇಕು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 1990ರ ದಶಕದಿಂದ ಈ ಕ್ಷೇತ್ರದಲ್ಲಿರುವ ಭಾರತೀಯ ಕಂಪನಿಗಳು. ಯಾವುದನ್ನೇ ಆಗಲಿ ಬಾಕ್ಸಿನ ಮೇಲಿನ ಸೌಲಭ್ಯಗಳ ಪಟ್ಟಿ ನೋಡಿ ಆರಿಸದೆ, ಜರ್ಮನಿಯ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳು ತಮ್ಮ ತಾಣಗಳಲ್ಲಿ ಉಚಿತವಾಗಿ ಪ್ರಕಟಿಸುವ ಫಲಿತಾಂಶ ನೋಡಿ ಆರಿಸಬೇಕು. ಎವಿ-ಟೆಸ್ಟ್ ರಕ್ಷಣೆ, ಕಂಪ್ಯೂಟರಿನ ವೇಗದ ಮೇಲಿನ ಪರಿಣಾಮ, ತಪ್ಪು ಎಚ್ಚರಿಕೆಗಳು ಈ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕಗಳಿಗೆ ಅಳೆಯುತ್ತದೆ. 4 ಜಿಬಿ ರ‍್ಯಾಮ್ ಮತ್ತು ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನವರು ವೇಗದ ಅಂಕಕ್ಕೆ ರಕ್ಷಣೆಯಷ್ಟೇ ಮಹತ್ವ ಕೊಡಬೇಕು. ಆಂಟಿವೈರಸ್ಸಿನಿಂದ ಕಂಪ್ಯೂಟರ್ ತೆವಳತೊಡಗಿದರೆ ಮನೆಯವರು ಒಂದು ದಿನ ಅದನ್ನು ಆಫ್ ಮಾಡಿಯೇ ಬಿಡುತ್ತಾರೆ. ಮೊದಲ ವರ್ಷದ ರಿಯಾಯಿತಿ ಬೆಲೆಯ ಜೊತೆಗೆ ಎರಡನೆಯ ವರ್ಷದ ನವೀಕರಣದ ಬೆಲೆಯನ್ನೂ ನೋಡಬೇಕು.

ಉಚಿತ ಆಂಟಿವೈರಸ್ಸುಗಳ ವಿಷಯದಲ್ಲಿ ಬೇರೊಂದು ಪ್ರಶ್ನೆ ಕೇಳಲೇಬೇಕು. ಆಂಟಿವೈರಸ್ ಕಂಪ್ಯೂಟರಿನ ಎಲ್ಲ ಫೈಲುಗಳನ್ನೂ, ಹಲವು ಬಾರಿ ನಾವು ನೋಡುವ ಜಾಲತಾಣಗಳನ್ನೂ ಗಮನಿಸಬಲ್ಲ ತಂತ್ರಾಂಶವಾದ್ದರಿಂದ ಆ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದು ಸಣ್ಣ ಮಾತಲ್ಲ. ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕಾಗಿ, ಉಚಿತ ಆಂಟಿವೈರಸ್ ಕೊಡುವ ಅವಾಸ್ಟ್ ಕಂಪನಿ 2024ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ನಿನ ಮುಂದೆ 1.65 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಇನ್ನು ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಓಡುವಂತೆ ಅಕ್ರಮವಾಗಿ ತಿದ್ದಿದ, ಆಂಟಿವೈರಸ್ಸನ್ನಂತೂ ಯಾವ ಕಾರಣಕ್ಕೂ ಹಾಕಿಕೊಳ್ಳಬಾರದು. ಕ್ರ್ಯಾಕ್ ಓಡಿಸುವ ಮುನ್ನ ರಿಯಲ್-ಟೈಮ್ ಪ್ರೊಟೆಕ್ಷನ್ ಆಫ್ ಮಾಡಿ ಎಂದು ಅದರ ಜೊತೆಗಿನ ಸೂಚನೆಯಲ್ಲೇ ಬರೆದಿರುತ್ತದೆ. ಇನ್ಫೋಸ್ಟೀಲರುಗಳು ಮನೆಗೆ ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಒಂದೇ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್ಸುಗಳ ರಿಯಲ್-ಟೈಮ್ ಪ್ರೊಟೆಕ್ಷನ್ ಇರಕೂಡದು. ಒಂದೇ ಫೈಲಿಗಾಗಿ ಎರಡೂ ಪೈಪೋಟಿಗೆ ಬಿದ್ದು ಕಂಪ್ಯೂಟರ್ ಹ್ಯಾಂಗ್ ಆಗಬಹುದು. ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದು ಈ ಕಾರಣಕ್ಕೇ. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಟ್ರಯಲ್ ಆಂಟಿವೈರಸ್ಸಿನ ಅವಧಿ ಮುಗಿದು, ಅಪ್‌ಡೇಟ್ ನಿಂತು, ಅದು ಮೂಲೆಯಲ್ಲಿ ಕೆಂಪು ಗುರುತು ತೋರಿಸುತ್ತ ತಿಂಗಳುಗಟ್ಟಲೆ ಕುಳಿತಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಹಣ ಕೊಟ್ಟು ಮುಂದುವರಿಸುವ ಇರಾದೆ ಇಲ್ಲದಿದ್ದರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಮತ್ತೆ ಆನ್ ಆಗಿದೆಯೇ ಎಂದು ಕಣ್ಣಾರೆ ನೋಡಬೇಕು.

ಆಂಟಿವೈರಸ್ಸಿನ ಕೈಗೆ ಎಟುಕದ ಸಂಗತಿಗಳೂ ಇವೆ. 2017ರ ಮೇ 12ರಂದು ಹರಡಿದ ವಾನ್ನಾಕ್ರೈ ರ‍್ಯಾನ್ಸಮ್‌ವೇರ್ ವಿಂಡೋಸಿನ ಒಂದು ದೋಷದ ಮೂಲಕ, ಯಾರೂ ಏನನ್ನೂ ಒತ್ತದಿದ್ದರೂ, ನೆಟ್‌ವರ್ಕಿನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿತು. ಆ ದೋಷವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಕೊಟ್ಟಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಸ್ತರಿತ ಭದ್ರತಾ ಅಪ್‌ಡೇಟುಗಳಿಗೆ ನೋಂದಾಯಿಸಿಕೊಳ್ಳದ ಕಂಪ್ಯೂಟರಿನಲ್ಲಿ ಎಷ್ಟೇ ಬೆಲೆಯ ಆಂಟಿವೈರಸ್ ಇದ್ದರೂ ಈ ಬಗೆಯ ದೋಷಗಳು ತೆರೆದೇ ಉಳಿಯುತ್ತವೆ. ಹಾಗೆಯೇ, ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿದವರ ಮಾತು ಕೇಳಿ ನಾವೇ ಎನಿಡೆಸ್ಕ್‌ನಂಥ ರಿಮೋಟ್ ತಂತ್ರಾಂಶವನ್ನು (ದೂರದಿಂದಲೇ ನಮ್ಮ ಕಂಪ್ಯೂಟರನ್ನು ನಡೆಸಲು ಬಿಡುವಂಥದ್ದು) ಹಾಕಿಕೊಂಡು ಅನುಮತಿ ಕೊಟ್ಟರೆ ಆಂಟಿವೈರಸ್ ಅದನ್ನು ತಡೆಯುವ ಸಂಭವ ಕಡಿಮೆ, ಏಕೆಂದರೆ ಅದು ಕಾನೂನುಬದ್ಧವಾದ ತಂತ್ರಾಂಶ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬ್ರೌಸರಿನಲ್ಲಿ ದಿಢೀರನೆ ತೆರೆದು "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳಿವೆ, ಕೂಡಲೇ ಈ ನಂಬರಿಗೆ ಕರೆ ಮಾಡಿ" ಎನ್ನುವ ಪುಟ ಆಂಟಿವೈರಸ್ಸಿನದಲ್ಲ. ಹೀಗೆ ತೆರೆದುಕೊಂಡ ಜಾಲಪುಟವೊಂದು ನಮ್ಮ ಹಾರ್ಡ್ ಡಿಸ್ಕನ್ನು ಸ್ಕ್ಯಾನ್ ಮಾಡಲಾರದು. ಆ ಪುಟವನ್ನು ಮುಚ್ಚಿ, ಬ್ರೌಸರಿನ ಸೆಟ್ಟಿಂಗಿನಲ್ಲಿ ಅಪರಿಚಿತ ತಾಣಗಳಿಗೆ ಕೊಟ್ಟಿರುವ ನೋಟಿಫಿಕೇಶನ್ ಅನುಮತಿಯನ್ನು ತೆಗೆಯಬೇಕು.

ಹಾಕಿದ ಆಂಟಿವೈರಸ್ ನಿಜವಾಗಿ ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಎಂಬ ಸಂಸ್ಥೆಯ ಪರೀಕ್ಷಾ ಫೈಲ್ ಇದೆ. 68 ಅಕ್ಷರಗಳ ಈ ಪುಟ್ಟ ಫೈಲ್ ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಆಂಟಿವೈರಸ್ ಕಂಪನಿಗಳು ಒಪ್ಪಂದದಂತೆ ಇದನ್ನು ವೈರಸ್ ಎಂದೇ ಪರಿಗಣಿಸುತ್ತವೆ. ಅದನ್ನು ಇಳಿಸಿಕೊಳ್ಳಲು ಹೊರಟ ಕೂಡಲೇ ಎಚ್ಚರಿಕೆ ಬರಬೇಕು. ಫೈಲ್ ಸದ್ದಿಲ್ಲದೆ ಡೌನ್‌ಲೋಡ್ ಫೋಲ್ಡರಿಗೆ ಬಂದು, ತೆರೆದರೂ ಏನೂ ಆಗದಿದ್ದರೆ ರಕ್ಷಣೆ ಆಫ್ ಆಗಿದೆ ಎಂದೇ ಅರ್ಥ. ಕಂಪ್ಯೂಟರಿಗೆ ಆಗಲೇ ಸೋಂಕು ತಗುಲಿದ ಅನುಮಾನವಿದ್ದರೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಬಳಸಬಹುದು, ಅದು ವಿಂಡೋಸ್ ಪೂರ್ತಿ ಚಾಲೂ ಆಗುವ ಮುನ್ನವೇ ಪರೀಕ್ಷಿಸುವುದರಿಂದ ಅಡಗಿ ಕುಳಿತ ಮಾಲ್‌ವೇರಿಗೆ ತಪ್ಪಿಸಿಕೊಳ್ಳಲು ಅವಕಾಶ ಕಡಿಮೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ, ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಸೋಂಕು ತೆಗೆಯುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಸೋಂಕು ಹೋದ ಮೇಲೆ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನು ಬದಲಿಸಬೇಕು, ಎಲ್ಲ ಸಾಧನಗಳಿಂದಲೂ ಲಾಗೌಟ್ ಆಗುವ ಆಯ್ಕೆಯನ್ನು ಒತ್ತಬೇಕು, ಮತ್ತು ಈ ಕೆಲಸವನ್ನು ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಿಂದ ಮಾಡಬೇಕು.