ಹುಣಸೆಹಣ್ಣಿಗೆ ಎರಡೇ ನಿಮಿಷ

ಗೌರಿ ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗಲೇ ನಮ್ಮ ಪಾಲಿಶ್ ಅಂಗಡಿಗೆ ಹಿತ್ತಾಳೆ ದೀಪಗಳು ಬರೋಕೆ ಶುರು. ಕಪ್ಪಾದ ದೀಪಗಳ ಜೊತೆ ಪ್ರತಿ ವರ್ಷ ನಾಲ್ಕೈದು ಗುಲಾಬಿ ಬಣ್ಣಕ್ಕೆ ತಿರುಗಿದವೂ ಇರುತ್ತವೆ. "ರಾತ್ರಿ ಹುಣಸೆಹುಳಿಯಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಹೀಗೆ. ತಾಮ್ರಕ್ಕೆ ಬಣ್ಣ ಹೊಡೆದು ಹಿತ್ತಾಳೆ ಅಂತ ಮಾರಿಬಿಟ್ರಾ?" ಅಂತ ಒಬ್ಬರು ಜಗಳಕ್ಕೇ ಸಿದ್ಧವಾಗಿ ಬಂದಿದ್ದರು.

ಮೋಸ ಏನೂ ಆಗಿರಲಿಲ್ಲ. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಅದು ಹುಳಿಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಮೇಲಿನ ಸತು ಮೊದಲು ಕರಗುತ್ತದೆ, ತಾಮ್ರ ಹಿಂದೆ ಉಳಿಯುತ್ತದೆ. ಕಂಡ ಗುಲಾಬಿ ಅದೇ. ಪದರ ತೆಳುವಾಗಿದ್ದರೆ ಉಜ್ಜಿ ತೆಗೆಯಬಹುದು. ಆದರೆ ಉಜ್ಜಿದಷ್ಟೂ ದೀಪ ಸವೆಯುತ್ತದೆ, ಅಲ್ವಾ? ನಾನೂ ಕೆಲಸ ಕಲಿಯುವಾಗ ನಮ್ಮಜ್ಜಿಯ ಬಿಂದಿಗೆಯನ್ನು ಹೀಗೇ ಕೆಡಿಸಿದ್ದೆ. ಅಜ್ಜಿ ಎರಡು ದಿನ ಮಾತಾಡಿರಲಿಲ್ಲ.

ಹುಣಸೆಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ. ಹಿತ್ತಾಳೆ, ತಾಮ್ರಕ್ಕೆ ಅದಕ್ಕಿಂತ ಒಳ್ಳೆಯದು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಮೇಲಿನ ಕಪ್ಪು ಗಾಳಿಯ ಆಮ್ಲಜನಕ ಸೇರಿ ಆದದ್ದು. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ, ಚಿಟಿಕೆ ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ. ಆದರೆ ಹೆಚ್ಚಿನವರು ಎಣ್ಣೆ ಜಿಡ್ಡು ಇರುವಾಗಲೇ ಹುಳಿ ಹಚ್ಚುತ್ತಾರೆ. ಜಿಡ್ಡಿನ ಮೇಲೆ ಹುಳಿ ಜಾರಿಹೋಗುತ್ತದೆ. ಮೊದಲು ಬಿಸಿನೀರು ಮತ್ತು ಸೀಗೆಪುಡಿಯಲ್ಲಿ ದೀಪ ತೊಳೆಯಿರಿ. ಸೌದೆ ಒಲೆಯ ಬೂದಿ ಸಿಕ್ಕರಂತೂ ಬಲು ಚೆನ್ನ. ಬೂದಿಯಲ್ಲಿ ಕ್ಷಾರ ಇದೆ, ಅದು ಎಣ್ಣೆಯನ್ನು ಸಾಬೂನಿನ ಹಾಗೆ ಬಿಡಿಸುತ್ತದೆ.

ಆಮೇಲೆ ನೆನೆದ ಹಣ್ಣಿನ ಗೊಜ್ಜನ್ನು ತೆಂಗಿನ ನಾರಿನಲ್ಲಿ ತೆಗೆದುಕೊಂಡು ಸ್ವಲ್ಪ ಸ್ವಲ್ಪ ಜಾಗ ಉಜ್ಜಿ. ಒಂದೊಂದು ಜಾಗಕ್ಕೆ ಎರಡು ನಿಮಿಷ ಸಾಕು. ಹೋಗದಿದ್ದರೆ ತೊಳೆದು ಮತ್ತೆ ಹಚ್ಚಿ, ಸುಮ್ನೆ ಬಿಟ್ಟು ಹೋಗಬೇಡಿ. ಕೆತ್ತನೆಯ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್. ಅಲ್ಲಿ ಹುಳಿ ಉಳಿದರೆ ನಾಲ್ಕೇ ದಿನದಲ್ಲಿ ಹಸಿರು ಕಿಲುಬು ಏಳುತ್ತದೆ. ಕೊನೆಗೆ ಸಾಬೂನು ನೀರು, ಚೆನ್ನಾಗಿ ತೊಳೆಯುವುದು, ಹತ್ತಿ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡುವುದು. "ಉಜ್ಜಿದ ಮೂರೇ ದಿನಕ್ಕೆ ಮಂಕಾಯ್ತು" ಅನ್ನುವವರ ಮನೆಯಲ್ಲಿ ಹೆಚ್ಚಾಗಿ ಈ ಒರೆಸುವ ಕೆಲಸವೇ ತಪ್ಪಿರುತ್ತದೆ. ಹೊಸ ತಾಮ್ರದ ಬಾಟಲಿಗೆ ಹುಳಿ ಏನೂ ಮಾಡದಿದ್ದರೆ ಗಾಬರಿ ಬೇಡ. ಮೇಲೆ ಪಾರದರ್ಶಕ ಲ್ಯಾಕರ್ ಇರಬಹುದು.

ಮೊಬೈಲಿನ ವಿಡಿಯೊಗಳಲ್ಲಿ ವಿನೆಗರ್‌ಗೆ ಅಡುಗೆ ಸೋಡಾ ಸುರಿದು ಬುಸ್ಸೆಂದು ನೊರೆ ಎಬ್ಬಿಸುತ್ತಾರೆ. ನೋಡೋಕೆ ಚೆಂದ. ಆದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದುಕೊಂಡು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಬೆಳ್ಳಿಯ ಕತೆಯೇ ಬೇರೆ. ಅದರ ಕಪ್ಪು ಗಂಧಕದಿಂದ ಆದದ್ದು. ಹುಣಸೆ, ನಿಂಬೆಯ ಆಟ ಅಲ್ಲಿ ನಡೆಯುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿದರೆ ಹೊಳೆಯುತ್ತದೆ ನಿಜ, ಆದರೆ ಸಣ್ಣ ಗೀರು ಬಿಟ್ಟು ಹೋಗುತ್ತದೆ. ಒಂದು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ. ಬೆಳ್ಳಿ ಲೋಟ ಅದಕ್ಕೆ ತಾಗುವಂತೆ ಇಡಿ. ಒಂದು ಲೀಟರ್ ಕುದಿನೀರಿಗೆ ಒಂದೊಂದು ದೊಡ್ಡ ಚಮಚ ಅಡುಗೆ ಸೋಡಾ ಮತ್ತು ಉಪ್ಪು ಹಾಕಿ ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಖುಷಿಪಡಿ: ಗಂಧಕ ಬಿಡುತ್ತಿದೆ. ಉಜ್ಜಿದಾಗ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ, ಇಲ್ಲಿ ಬೆಳ್ಳಿ ಲೋಟದಲ್ಲೇ ಉಳಿಯುತ್ತದೆ. ಹರಳು ಕೂರಿಸಿದ್ದಕ್ಕೆ, ಒಳಗೆ ಅರಗು ತುಂಬಿದ್ದಕ್ಕೆ, ಬೇಕೆಂದೇ ಕಪ್ಪು ಮಾಡಿದ ಕೆತ್ತನೆಗೆ ಮಾತ್ರ ಇದು ಬೇಡ.

ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾದರೆ ನೀರಿಗೆ ನಿಂಬೆ ಸಿಪ್ಪೆ ಹಾಕಿ ಕುದಿಸಿ. ಅದಕ್ಕೆ ಸೋಡಾ ಹಾಕಬೇಡಿ, ಇನ್ನೂ ಕಪ್ಪಾಗುತ್ತದೆ. ಕಬ್ಬಿಣದ ದೋಸೆ ಕಾವಲಿಗೆ ಇವು ಯಾವುದೂ ಬೇಡ, ಒರೆಸಿ ಎಣ್ಣೆ ಸವರಿಡಿ.

ಕಲಾಯಿ ಹಾಕಿದ ಪಾತ್ರೆ ತಂದಾಗ ಮಾತ್ರ ನಾನು ಗ್ರಾಹಕರ ಮುಂದೆಯೇ ಒಳಗೆ ಬೆರಳಾಡಿಸಿ ತೋರಿಸುತ್ತೇನೆ. ಹೊರಗೆ ಹುಣಸೆ ಹಾಕಿ ಎಷ್ಟು ಬೇಕಾದರೂ ಫಳಫಳ ಮಾಡಿ. ಒಳಗಿನದು ತವರದ ತೆಳು ಪದರ, 232 ಡಿಗ್ರಿಗೇ ಕರಗುವಂಥದ್ದು. ಖಾಲಿ ಪಾತ್ರೆ ಒಲೆಯ ಮೇಲೆ ಮರೆತರೂ ಹಾಳು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೂ ಹಾಳು. ಮೆತ್ತನೆ ಬಟ್ಟೆ, ಸಾಬೂನು ನೀರು, ಅಷ್ಟೇ. ಒಳಗೆ ಅಲ್ಲಲ್ಲಿ ಹಳದಿ ಇಣುಕಿದರೆ ಅದರಲ್ಲಿ ಸಾರು ಕುದಿಸುವುದನ್ನು ಅವತ್ತೇ ನಿಲ್ಲಿಸಿ. ದೀಪದ ಕಪ್ಪನ್ನು ಕರಗಿಸುವ ಅದೇ ಹುಣಸೆ ಸಾರಿನಲ್ಲೂ ಇರುತ್ತದೆ.