ಹಳೆಯ 1080 ಟಿಐ ಮುಂದೆ ಹೊಸ 3050 ಸೋಲುವುದೇಕೆ?

ಓದುಗರ ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಬಳಸಿದ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್ ನೋಡಿದೆ. ಹೊಸ ಆರ್‌ಟಿಎಕ್ಸ್ 3050ಕ್ಕಿಂತ ಇದೇ ವೇಗದ್ದು ಎಂದು ಅಂಗಡಿಯವರು ಹೇಳುತ್ತಾರೆ. ಸಂಖ್ಯೆ ದೊಡ್ಡದಿರುವ ಹೊಸ ಕಾರ್ಡನ್ನು ಅಷ್ಟು ಹಳೆಯದೊಂದು ಮೀರಿಸಲು ಹೇಗೆ ಸಾಧ್ಯ? ನಾನು ಯಾವುದನ್ನು ಕೊಳ್ಳಲಿ?

ಉತ್ತರ: ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. 2017ರ ಮಾರ್ಚ್‌ನಲ್ಲಿ ಬಂದ 1080 ಟಿಐ, 2022ರ ಜನವರಿಯಲ್ಲಿ ಬಂದ 3050ನ್ನು ಬಹುಪಾಲು ಆಟಗಳಲ್ಲಿ ಈಗಲೂ ಸ್ಪಷ್ಟವಾಗಿ ಹಿಂದೆ ಹಾಕುತ್ತದೆ. ಆದರೆ ಅದೇ 1080 ಟಿಐನಲ್ಲಿ ಈಚಿನ ಕೆಲವು ಆಟಗಳು ತೆರೆದುಕೊಳ್ಳುವುದೇ ಇಲ್ಲ.

ಈ ಕಾರ್ಡುಗಳ ಕಂಪನಿ ಎನ್‌ವಿಡಿಯಾ ಇಡುವ ಹೆಸರಿನಲ್ಲಿ ಮೊದಲ ಎರಡು ಅಂಕಿಗಳು ಪೀಳಿಗೆಯನ್ನೂ ಕೊನೆಯ ಎರಡು ಅಂಕಿಗಳು ಆ ಪೀಳಿಗೆಯೊಳಗಿನ ದರ್ಜೆಯನ್ನೂ ಸೂಚಿಸುತ್ತವೆ. 1080 ಟಿಐ ತನ್ನ ಕಾಲದಲ್ಲಿ 699 ಡಾಲರ್ ಬೆಲೆಯ ಮೇಲ್ದರ್ಜೆಯ ಕಾರ್ಡಾಗಿತ್ತು. 3050 ತನ್ನ ಪೀಳಿಗೆಯ ಕೆಳದರ್ಜೆಯದು. ಇನ್ನೊಂದು ತೊಡಕೆಂದರೆ, 3050 ಎಂಬ ಒಂದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಕಾರ್ಡುಗಳಿವೆ. 8 ಜಿಬಿ ಮೆಮೊರಿಯದರಲ್ಲಿ 2560 ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳಿದ್ದು, ಮೆಮೊರಿಯಿಂದ ಸೆಕೆಂಡಿಗೆ 224 ಜಿಬಿ ಮಾಹಿತಿ ಹರಿಯುತ್ತದೆ. 2024ರಲ್ಲಿ ಬಂದ 6 ಜಿಬಿಯದರಲ್ಲಿ ಕೋರ್‌ಗಳು 2304ಕ್ಕೂ ಹರಿವು 168 ಜಿಬಿಗೂ ಇಳಿದಿವೆ. ಇಷ್ಟು ವ್ಯತ್ಯಾಸವಿರುವ ಎರಡು ಸರಕಿಗೆ ಒಂದೇ ಹೆಸರಿಡುವುದು ನನ್ನ ದೃಷ್ಟಿಯಲ್ಲಿ ಗ್ರಾಹಕರಿಗೆ ಮಾಡುವ ಅನ್ಯಾಯ. ಅಂಗಡಿಯವರು ಹೋಲಿಸಿದ್ದು ಇವುಗಳಲ್ಲಿ ಯಾವುದಕ್ಕೆ ಎಂದು ಮೊದಲು ಕೇಳಿಕೊಳ್ಳಿ.

ಕಾರ್ಡುಗಳ ವಿವರಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಒಂದೇ ಪೀಳಿಗೆಯ ಎರಡು ಕಾರ್ಡುಗಳಿಗೆ ಅದು ಸಾಕು, ಪೀಳಿಗೆ ಬದಲಾದಾಗ ಸಾಲದು. 1080 ಟಿಐ ಮತ್ತು 2021ರ ಆರ್‌ಟಿಎಕ್ಸ್ 3060 12 ಜಿಬಿ, ಎರಡರಲ್ಲೂ ಇರುವ ಕೋರ್‌ಗಳು ಸರಿಯಾಗಿ 3584. ಗಣನೆಯ ಗರಿಷ್ಠ ವೇಗ ಹಳೆಯದರಲ್ಲಿ ಸುಮಾರು 11.3 ಟೆರಾಫ್ಲಾಪ್ (ಸೆಕೆಂಡಿಗೆ ಅಷ್ಟು ಲಕ್ಷ ಕೋಟಿ ಲೆಕ್ಕ), ಹೊಸದರಲ್ಲಿ ಸುಮಾರು 12.7. ಈ ಲೆಕ್ಕದಂತೆ 3060 ಮುಂದಿರಬೇಕಿತ್ತು. ಆದರೆ ಹಳೆಯ ಬಗೆಯ ಆಟಗಳಲ್ಲಿ 1080 ಟಿಐ ಅದಕ್ಕೆ ಸರಿಸಮನಾಗಿ, ಕೆಲವೆಡೆ ತುಸು ಮುಂದೆಯೇ ನಿಲ್ಲುತ್ತದೆ. 3060ರ ಪೀಳಿಗೆಯಲ್ಲಿ ಲೆಕ್ಕ ಮಾಡುವ ಘಟಕಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೂ ಅವುಗಳಿಗೆ ಕೆಲಸ ಒದಗಿಸುವ ಉಳಿದ ವ್ಯವಸ್ಥೆಯನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಲಿಲ್ಲ. ಮೆಮೊರಿಯ ಹರಿವಂತೂ ಹಳೆಯದರಲ್ಲಿ ಸೆಕೆಂಡಿಗೆ 484 ಜಿಬಿ, 3060ಯಲ್ಲಿ 360. ಹಾಗೆಂದು ಹರಿವೇ ನಿರ್ಣಾಯಕವೆಂದು ಹೇಳಲೂ ಆಗದು. 2023ರ ಆರ್‌ಟಿಎಕ್ಸ್ 4060ಕ್ಕೆ ಹರಿವು ಬರೀ 272 ಜಿಬಿ, ಆದರೂ ಅದು 1080 ಟಿಐಗಿಂತ ಸಾಮಾನ್ಯವಾಗಿ ಸ್ವಲ್ಪ ಮುಂದೆ. 4060ರ ಚಿಪ್ಪಿನೊಳಗೇ ಇರುವ 24 ಎಂಬಿ ಕ್ಯಾಶ್, ಅಂದರೆ ಪುಟ್ಟ ವೇಗದ ಮೆಮೊರಿ, ಹೊರಗಿನ ಮೆಮೊರಿಗೆ ಮತ್ತೆ ಮತ್ತೆ ಹೋಗಬೇಕಾದ ಅಗತ್ಯವನ್ನು ತಗ್ಗಿಸುತ್ತದೆ. ಹಳೆಯದರಲ್ಲಿ ಈ ಕ್ಯಾಶ್ 3 ಎಂಬಿಗೂ ಕಡಿಮೆ.

ಆದ್ದರಿಂದ ನಂಬಬೇಕಾದ ಹೋಲಿಕೆ ಒಂದೇ: ಅದೇ ಪ್ರೊಸೆಸರ್, ಅದೇ ಆಟ, ಅದೇ ರೆಸಲ್ಯೂಶನ್, ಅದೇ ಸೆಟ್ಟಿಂಗ್ ಇಟ್ಟು ಸೆಕೆಂಡಿಗೆ ಎಷ್ಟು ಫ್ರೇಮ್ (ಪರದೆಯ ಮೇಲಿನ ಒಂದೊಂದು ಚಿತ್ರ) ಬರುತ್ತದೆ ಎಂದು ಅಳೆದದ್ದು. ಇಲ್ಲೂ ಎರಡು ಎಚ್ಚರಿಕೆ ಬೇಕು. ಪ್ರೊಸೆಸರ್ ಹಳೆಯದಾಗಿದ್ದು 1080ಪಿ ರೆಸಲ್ಯೂಶನ್ನಿನಲ್ಲಿ ಪರೀಕ್ಷೆ ನಡೆದಿದ್ದರೆ ಎರಡು ಕಾರ್ಡೂ ಒಂದೇ ಅಂಕಿ ತೋರಿಸಬಹುದು, ಏಕೆಂದರೆ ಅಲ್ಲಿ ತಡೆಯುತ್ತಿರುವುದು ಕಾರ್ಡಲ್ಲ, ಪ್ರೊಸೆಸರ್. ಮತ್ತೆ, ಸರಾಸರಿ ಫ್ರೇಮ್ ಜೊತೆಗೆ ಅತಿ ನಿಧಾನವಾಗಿ ಬಂದ ಶೇ. 1ರಷ್ಟು ಫ್ರೇಮ್‌ಗಳ ಅಂಕಿಯನ್ನೂ ನೋಡಬೇಕು. 60 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್, ಸರಾಸರಿ 60 ಇದ್ದೂ ನಡುನಡುವೆ 50 ಮಿಲಿಸೆಕೆಂಡ್ ಹಿಡಿದರೆ ಆಟ ಜರ್ಕ್ ಹೊಡೆಯುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಹೀಗಾಗುವುದು ಹೆಚ್ಚು, ಅಲ್ಲಿ 1080 ಟಿಐನ 11 ಜಿಬಿ ಇಂದಿಗೂ ಕೆಲಸಕ್ಕೆ ಬರುತ್ತದೆ.

ಇನ್ನು ಅಂಗಡಿಯವರು ಹೇಳದೆ ಬಿಟ್ಟ ಅರ್ಧ. 1080 ಟಿಐನಲ್ಲಿ ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಘಟಕಗಳಿಲ್ಲ, ಎಐ ಲೆಕ್ಕಗಳಿಗೆಂದೇ ಇರುವ ಟೆನ್ಸರ್ ಕೋರ್‌ಗಳಿಲ್ಲ. ಆಟದ ಕಾರ್ಡುಗಳಿಗೆ ಅವು ಬಂದದ್ದು 2018ರ ಆರ್‌ಟಿಎಕ್ಸ್ 20 ಸರಣಿಯಲ್ಲಿ. ಆದ್ದರಿಂದ ಕಡಿಮೆ ರೆಸಲ್ಯೂಶನ್ನಿನಲ್ಲಿ ಚಿತ್ರ ರಚಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಇದರಲ್ಲಿ ಓಡುವುದಿಲ್ಲ. ಅದೇ ಕೆಲಸ ಮಾಡುವ, ಪ್ರತಿಸ್ಪರ್ಧಿ ಕಂಪನಿ ಎಎಂಡಿಯವರ ಎಫ್‌ಎಸ್‌ಆರ್‌ನ ಹಳೆಯ ಆವೃತ್ತಿಗಳನ್ನು ಬಳಸಬಹುದು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ರೇ ಟ್ರೇಸಿಂಗ್ ಯಂತ್ರಾಂಶವನ್ನು ಕಡ್ಡಾಯ ಮಾಡಿತು, 2025ರ ಡೂಮ್ ಕೂಡ ಹಾಗೆಯೇ. ಈ ಆಟಗಳ ಮಟ್ಟಿಗೆ ನಿಧಾನದ 3050 ಗೆಲ್ಲುತ್ತದೆ, ಏಕೆಂದರೆ ಎದುರಾಳಿ ಕಣದಲ್ಲೇ ಇಲ್ಲ. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನ ಕಥೆಯೂ ಮುಗಿಯುತ್ತ ಬಂದಿದೆ: 1080 ಟಿಐ ಸೇರಿರುವ 10 ಸರಣಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿ, 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಕೊಡುವುದಾಗಿ ಎನ್‌ವಿಡಿಯಾ ಪ್ರಕಟಿಸಿದೆ.

ಮಷಿನ್ ಲರ್ನಿಂಗ್ ಪ್ರಾಜೆಕ್ಟಿಗಾಗಿ ಕಾರ್ಡ್ ಹುಡುಕುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಈ ನಗರದಲ್ಲಿ ಬಹಳ. ಅವರಿಗೆ 1080 ಟಿಐ ಬೇಡವೆಂದೇ ಹೇಳುತ್ತೇನೆ. ಆ ಕೆಲಸದಲ್ಲಿ ಹೆಚ್ಚು ಬಳಸುವ 16 ಬಿಟ್ ಗಣನೆಯಲ್ಲಿ ಅದರ ವೇಗ 32 ಬಿಟ್‌ನ ಅರುವತ್ತನಾಲ್ಕನೆಯ ಒಂದು ಭಾಗ. ಎನ್‌ವಿಡಿಯಾ ಕಾರ್ಡುಗಳಲ್ಲಿ ಗಣನೆ ನಡೆಸುವ ತಂತ್ರಾಂಶ ಕುಡಾದ 13ನೇ ಆವೃತ್ತಿಯಿಂದ ಆ ಪೀಳಿಗೆಯನ್ನೇ ಕೈಬಿಡಲಾಗಿದೆ.

ನಿಮ್ಮ ಬಳಿ 1080 ಟಿಐ ಈಗಾಗಲೇ ಇದ್ದಿದ್ದರೆ, ಅದನ್ನು ಕೊಟ್ಟು 3050 ತರಬೇಡಿ ಎನ್ನುತ್ತಿದ್ದೆ. ಹೊಸದಾಗಿ ಹಣ ಹಾಕುವುದಾದರೆ ಎರಡನ್ನೂ ಬಿಟ್ಟು ಬಳಸಿದ 3060 12 ಜಿಬಿ ಅಥವಾ ಸ್ವಲ್ಪ ತಡೆದು 4060 ನೋಡುವುದು ಮೇಲು. ಹಳೆಯ ಆಟಗಳನ್ನಷ್ಟೇ ಆಡುವವರಿಗೆ, ಬೆಲೆ ನಿಜಕ್ಕೂ ಕಡಿಮೆಯಿದ್ದರೆ, 1080 ಟಿಐ ತಪ್ಪು ಆಯ್ಕೆಯಲ್ಲ. ಅದು 250 ವಾಟ್ ಎಳೆಯುತ್ತದೆ, 8 ಜಿಬಿಯ 3050 ಎಳೆಯುವುದು 130. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಸುಮಾರು 11 ಯೂನಿಟ್ ಹೆಚ್ಚು. ಹಣದ ಲೆಕ್ಕದಲ್ಲಿ ಅದು ಅಲ್ಪವೇ, ಆದರೆ ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಅಲ್ಪವಲ್ಲ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ 1080 ಟಿಐಗೆ ಬೇಕಾದ ಒಂದು 8 ಪಿನ್, ಒಂದು 6 ಪಿನ್ ಕನೆಕ್ಟರ್ ಇವೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿ.

ಕೊನೆಯದಾಗಿ, 1080 ಟಿಐ ಕೊಳ್ಳುವುದೇ ಆದರೆ ಅಂಗಡಿಯಲ್ಲಿ ಕಾರ್ಡನ್ನು ಮೇಜಿನ ಮೇಲೆ ನೋಡಿ ದುಡ್ಡು ಕೊಡಬೇಡಿ. ಸಿಸ್ಟಮ್‌ಗೆ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು 3584 ಕೋರ್ ಮತ್ತು 352 ಬಿಟ್ ಮೆಮೊರಿ ಬಸ್ ತೋರಿಸುತ್ತದೆಯೇ ನೋಡಿ, ಬಳಿಕ ಕಾಲು ಗಂಟೆಯಾದರೂ ಭಾರಿ ಆಟವೊಂದನ್ನು ಓಡಿಸಿ. ಪರದೆಯ ಮೇಲೆ ಬಣ್ಣದ ಚುಕ್ಕಿ, ಗೆರೆಗಳು ಮೂಡಿದರೆ ಮೆಮೊರಿ ಕೆಟ್ಟಿರುವ ಸಂಭವವಿದೆ. ಅಂಥದ್ದನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.